ಅತ್ತೆಯವರ ಕೆಂಪು ಗುಂಡಿ

ಸಂಜೆ ಕರೆಂಟು ಹೋಗಿತ್ತು. ಮೇಣದ ಬತ್ತಿ ಹುಡುಕಲು ಶೋಕೇಸಿನ ಕೆಳಗಿನ ಡ್ರಾಯರು ಎಳೆದೆ. ಕೈಗೆ ಸಿಕ್ಕಿದ್ದು ಮೂರು ಹಳೆಯ ರಿಮೋಟುಗಳು, ಒಂದೇ ರಬ್ಬರ್ ಬ್ಯಾಂಡಿನಲ್ಲಿ ಬಿಗಿದು ನಾನೇ ಇಟ್ಟವು. ಒಂದು ಇನ್ನೂ ಪ್ಲಾಸ್ಟಿಕ್ ಕವರಿನೊಳಗೇ ಇದೆ. ಇನ್ನೊಂದರ ಬೆನ್ನಿನ ಮುಚ್ಚಳ ಎಂದೋ ಕಳೆದುಹೋಗಿ ಸೆಲ್ಲುಗಳನ್ನು ಟೇಪು ಹಿಡಿದುಕೊಂಡಿದೆ. ಮೂರರ ಬೆನ್ನ ಮೇಲೂ ಒಣಗಿದ ಗಂಧದ ಬೊಟ್ಟು.

"ಅದನ್ನ ಇನ್ನೂ ಎಸ್ದಿಲ್ವಾ ನೀನು?" ಎಂದು ನಮ್ಮವರು ವರ್ಷಕ್ಕೊಂದು ಸಲವಾದರೂ ಕೇಳುತ್ತಾರೆ. ನಾನು ಎಸೆಯುವುದಿಲ್ಲ. ಅವು ಕೆಟ್ಟಿಲ್ಲ, ರಿಟೈರಾಗಿವೆ. ರಿಟೈರಾದವರನ್ನು ಯಾರಾದರೂ ಎಸೆಯುತ್ತಾರೆಯೇ? ಅದಕ್ಕಿಂತ ಹೆಚ್ಚಾಗಿ ಅವು ಗುರುಗಳು. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ನಮ್ಮ ಮನೆಯ ಟಿವಿಯ ವಿಷಯ ನಿಮಗೆ ಗೊತ್ತಾಗಬೇಕು. ಹಲಸೂರಿನ ನಮ್ಮ ಪುಟ್ಟ ಹಾಲಿನಲ್ಲಿ ಮೊದಲು ಬಂದದ್ದು ಟಿವಿ. ಅದರ ಹಿಂದೆ ಡಬ್ಬಿ ಬಂತು, ಚಾನೆಲ್ಲು ತರುವುದಕ್ಕೆ. ಅದರ ಹಿಂದೆ ಒನಕೆಯಷ್ಟುದ್ದದ ಒಂದು ಸ್ಪೀಕರು ಬಂತು. ಕ್ರಿಕೆಟ್ಟಿನಲ್ಲಿ ಚೆಂಡು ಬ್ಯಾಟಿಗೆ ಬಿದ್ದ ಸದ್ದು ಎದೆಗೆ ಬಡಿಯಬೇಕಂತೆ, ನಮ್ಮವರ ಆಸೆ. ಬಡಿಯಿತು. ಒಲೆಯ ಮುಂದೆ ನಿಂತ ನನ್ನ ಎದೆಗೂ ಬಡಿಯಿತು. ಹೀಗೆ ಮೂವರಿಗೆ ಮೂರು ರಿಮೋಟು. ಒತ್ತುವುದಕ್ಕೂ ಒಂದು ಕ್ರಮವಿತ್ತು. ಮೊದಲು ಟಿವಿ, ಅದು ಕಣ್ಣುಬಿಟ್ಟ ಮೇಲೆ ಡಬ್ಬಿ, ಕೊನೆಗೆ ಸ್ಪೀಕರು. ಸಂಕಲ್ಪ ಮಾಡದೆ ಅಭಿಷೇಕಕ್ಕೆ ಕೈಹಾಕಿದರೆ ಹೇಗೋ ಹಾಗೆ, ಕ್ರಮ ತಪ್ಪಿದರೆ ನೀಲಿ ಪರದೆ ಮಾತ್ರ ಬಂದು ನಮ್ಮನ್ನೇ ದುರುಗುಟ್ಟಿ ನೋಡುತ್ತಿತ್ತು.

ಕಳೆದುಹೋಗುವುದರಲ್ಲೂ ಈ ಮೂರು ಒಂದಕ್ಕಿಂತ ಒಂದು ಮೇಲು. ಒಮ್ಮೆ ಡಬ್ಬಿಯ ರಿಮೋಟಿಗಾಗಿ ಹಾಸಿಗೆ ದಿಂಬು ಎಲ್ಲ ಕೊಡವಿದೆವು. ಕೊನೆಗೆ ಅದು ಫ್ರಿಜ್ಜಿನ ತರಕಾರಿ ತಟ್ಟೆಯಲ್ಲಿ, ಹುರುಳಿಕಾಯಿಯ ನಡುವೆ ತಣ್ಣಗೆ ಮಲಗಿತ್ತು. ಇಟ್ಟವಳು ನಾನೇ. ಟಿವಿ ನೋಡುತ್ತಾ ಹುರುಳಿಕಾಯಿ ಬಿಡಿಸಿದ್ದೆ. ಮನೆಯಲ್ಲಿ ಮಾತ್ರ ಈ ಅಪವಾದವನ್ನು ಇಂದಿಗೂ ನಮ್ಮವರೇ ಹೊತ್ತಿದ್ದಾರೆ.

ನಾನು ಹುಟ್ಟಿ ಬೆಳೆದದ್ದು ವಿಮಾನಪುರದಲ್ಲಿ. ಅಪ್ಪ ವಿಮಾನದ ಕಾರ್ಖಾನೆಯಲ್ಲಿದ್ದರು. ಆಯುಧಪೂಜೆಯ ದಿನ ಮನೆಯವರನ್ನೂ ಒಳಗೆ ಬಿಡುತ್ತಿದ್ದರು. ಹೊಸ ಲಂಗ ಹಾಕಿಕೊಂಡು ಅಪ್ಪನ ಕೈ ಹಿಡಿದು ಹೋಗುತ್ತಿದ್ದೆ. ಅಷ್ಟೆತ್ತರದ ಛಾವಣಿಯ ಕೆಳಗೆ ಯಂತ್ರಗಳೆಲ್ಲ ಚೆಂಡುಹೂವಿನ ಹಾರ ಹಾಕಿಕೊಂಡು ಮದುವಣಗಿತ್ತಿಯರ ಹಾಗೆ ಸುಮ್ಮನೆ ನಿಂತಿರುತ್ತಿದ್ದವು. ಎಣ್ಣೆಯ ವಾಸನೆಯೂ ಕರ್ಪೂರದ ವಾಸನೆಯೂ ಬೆರೆತ ಆ ಗಾಳಿ ಇಂದಿಗೂ ಮೂಗಿನಲ್ಲಿದೆ. ಅಪ್ಪ ತಮ್ಮ ಯಂತ್ರಕ್ಕೆ ಬೊಟ್ಟಿಡುವಾಗ ಬಗ್ಗಿ, ಸುತ್ತ ನೋಡಿ, ಜಾಗ ಆರಿಸಿ ಇಡುತ್ತಿದ್ದರು. ಎದುರಿಗಿದ್ದ ದುಂಡು ಗಾಜಿನ ಮೇಲೆ ಇಟ್ಟರೆ ಚೆನ್ನಾಗಿ ಕಾಣುತ್ತದಲ್ಲ ಎಂದು ಒಮ್ಮೆ ನಾನು ಕೈ ಚಾಚಿದರೆ ಹಿಡಿದುಕೊಂಡರು.

"ಮೈಗೆ ಇಡ್ಬೇಕು ಮಗಳೇ. ಗಾಜಿಗಲ್ಲ, ತಿರುಗೋ ಕಡೆಗಲ್ಲ. ಅದು ನೋಡೋ ಜಾಗಕ್ಕೆ, ಆಡೋ ಜಾಗಕ್ಕೆ ನಾವು ಅಡ್ಡ ಬರಬಾರ್ದು. ಅದೂ ಪೂಜೇನೇ."

ಮನೆಗೆ ಟಿವಿ ಬಂದಾಗಲೂ ಅಷ್ಟೇ. ಅಮ್ಮ ಗಾಜಿನ ನಟ್ಟನಡುವೆ ಕುಂಕುಮ ಇಡಲು ಹೋದರೆ ಅಪ್ಪ ಆ ಬೆರಳನ್ನು ಮೆಲ್ಲಗೆ ಪಕ್ಕದ ಮರದ ಬಾಗಿಲಿಗೆ ತಿರುಗಿಸಿದರು. ಆಗಿನ ಟಿವಿಗೆ ಬಾಗಿಲಿತ್ತು, ನೆನಪಿದೆಯಲ್ಲ? ಗುಡಿಗೆ ಇದ್ದ ಹಾಗೆ. ದೀಪ ಹಚ್ಚಿದ ಮೇಲೆಯೇ ಅಮ್ಮ ಅದನ್ನು ಸರಿಸುತ್ತಿದ್ದದ್ದು. ಅಪ್ಪನ ಈ ಮಾತನ್ನು ನಾನು ಎಷ್ಟೋ ವರ್ಷ ಮರೆತೇಬಿಟ್ಟಿದ್ದೆ.

ಈಗ ಅತ್ತೆಯವರಿಗೆ ಬರುತ್ತೇನೆ. ಅವರ ತವರು ಕೆ.ಆರ್. ಪುರದ ಆಚೆಯ ಹಳ್ಳಿ. ಕೆರೆಯ ಪಕ್ಕ ಸೊಪ್ಪು ಬೆಳೆಯುತ್ತಿದ್ದ ಮನೆತನ. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟು ನಿಂತಿದೆ, ಆದರೆ ಸೊಪ್ಪು ಕಟ್ಟು ಕಟ್ಟುವ ವೇಗ ಅವರ ಬೆರಳು ಬಿಟ್ಟು ಹೋಗಿರಲಿಲ್ಲ. ನಾನು ಸೊಸೆಯಾಗಿ ಬಂದ ಮೇಲೂ ರಾಗಿಮುದ್ದೆ ತಿರುವುವ ಕೋಲನ್ನು ಅವರು ನನಗೆ ಕೊಡಲಿಲ್ಲ. "ನಿನ್ ಮುದ್ದೇಲಿ ಗಂಟಿರುತ್ತೆ, ನನ್ ಮಗನ ಗಂಟಲಲ್ಲಿ ನಿಲ್ಲುತ್ತೆ" ಎನ್ನುತ್ತಿದ್ದರು. ಅಂಥ ಬಲಗೈ.

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಲೋಟ ಆ ಕೈಯಿಂದ ಜಾರಿತು. ಲಕ್ವ. ಆಸ್ಪತ್ರೆಯಿಂದ ಕರೆದುಕೊಂಡು ಬಂದಾಗ ದೇವರು ಉಳಿಸಿಕೊಟ್ಟದ್ದನ್ನು ನಾನು ಮನಸ್ಸಿನಲ್ಲೇ ಎಣಿಸಿಕೊಂಡೆ. ಮಾತು ಉಳಿಯಿತು. ಬುದ್ಧಿ ಉಳಿಯಿತು. ಕೋಲು ಹಿಡಿದು ಹಾಲಿನಿಂದ ಬಚ್ಚಲಿಗೆ ನಡೆಯುವಷ್ಟು ಕಾಲು ಉಳಿಯಿತು. ನನ್ನನ್ನು ಬೈಯುವ ಉತ್ಸಾಹ ಪೂರ್ತಿ ಉಳಿಯಿತು, ಅದು ದೊಡ್ಡ ದಯೆ. ಬಲಗೈ ಮಾತ್ರ ಮಡಿಲಲ್ಲಿ ಮಲಗಿಬಿಟ್ಟಿತು. ಒಂದು ಮೆತ್ತನೆಯ ಚೆಂಡು ಕೊಟ್ಟು, ದಿನವೂ ಹಿಸುಕುತ್ತಿರಿ, ಬಿಟ್ಟರೆ ಬೆರಳು ಬಿಗಿದುಹೋಗುತ್ತವೆ ಎಂದಿದ್ದರು ಡಾಕ್ಟರು. ಅತ್ತೆ ಅದನ್ನು ನಿಂಬೆಹಣ್ಣು ಎಂದು ಕರೆದು, ಬೈದುಕೊಂಡೇ ಹಿಸುಕುತ್ತಿದ್ದರು.

ಮೊದಲು ಸೋಮವಾರ ಸೋಮವಾರ ನಡೆದೇ ಈಶ್ವರನ ಗುಡಿಗೆ ಹೋಗುತ್ತಿದ್ದವರಿಗೆ ಈಗ ಉಳಿದದ್ದು ಬೆಳಿಗ್ಗೆ ಟಿವಿಯಲ್ಲಿ ಬರುವ ಮಂಗಳಾರತಿ. ಅದಕ್ಕೆ ನನ್ನನ್ನು ಕರೆಯಬೇಕು. ಬೀದಿಯ ತುದಿಯಲ್ಲಿ ಹೋಗುವ ಹೂವಿನವಳನ್ನು ಕೂತಲ್ಲಿಂದಲೇ ನಿಲ್ಲಿಸುತ್ತಿದ್ದ ಗಂಟಲು ಅದು. "ನಾಗೂ, ಪುರುಸೊತ್ತಿದ್ರೆ ಸ್ವಲ್ಪ ದೇವರನ್ನ ಹಾಕ್ತೀಯಾ?" ಎನ್ನುವಾಗ ಮಾತ್ರ ಸಣ್ಣದಾಗುತ್ತಿತ್ತು. ಬೈದಿದ್ದರೆ ಸಹಿಸುತ್ತಿದ್ದೆ. ಆ 'ಪುರುಸೊತ್ತಿದ್ರೆ' ಅನ್ನುವುದನ್ನು ಸಹಿಸಲಾಗುತ್ತಿರಲಿಲ್ಲ.

ಒಂದು ದಿನ ನಾನು ಸ್ನಾನಕ್ಕೆ ಹೋಗಿದ್ದೆ. ಹೊರಗೆ ಬಂದರೆ ಹಾಲಿನಲ್ಲಿ ಇಂಗ್ಲಿಷ್ ಹಾಡು, ಗೋಡೆ ಅದುರುವಷ್ಟು. ಅತ್ತೆ ಎಡಗೈಯಲ್ಲಿ ಮೂರು ರಿಮೋಟಿನ ಜೊತೆಗೂ ಗುದ್ದಾಡಿ, ಎಲ್ಲೆಲ್ಲಿಗೋ ಹೋಗಿ ಸಿಕ್ಕಿಹಾಕಿಕೊಂಡಿದ್ದರು. ಪರದೆಯ ಮೇಲೆ ಸಮುದ್ರ, ಸಮುದ್ರದ ದಡದಲ್ಲಿ ಬಟ್ಟೆಯ ಕಡೆ ಅಷ್ಟೇನೂ ಗಮನವಿಲ್ಲದ ಹೆಣ್ಣುಮಕ್ಕಳು. ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದರು.

"ಬೇಗ ಆರ್ಸೇ! ಸ್ನಾನ ಮಾಡಿ ವಿಭೂತಿ ಹಚ್ಕೊಂಡು ಕೂತಿದೀನಿ."

ನಾನು ನಕ್ಕುಬಿಟ್ಟೆ, ಅವರೂ ನಕ್ಕರು. ನಗು ನಿಂತ ಮೇಲೆ, "ಒಂದು ದೇವರನ್ನ ಹಾಕ್ಕೊಳ್ಳೋಕೂ ಇನ್ನೊಬ್ಬರು ಬೇಕಾಯ್ತು ನೋಡು" ಎಂದರು. ಆ ಮಧ್ಯಾಹ್ನವೇ ಸೀರೆ ಬದಲಾಯಿಸಿ ಶಿವಾಜಿನಗರದ ಬಸ್ಸು ಹತ್ತಿದೆ.

ರಿಮೋಟಿನದೇ ಅಂಗಡಿ ಅಂತ ಒಂದಿರಬಹುದೆಂದು ನಾನು ಅಂದುಕೊಂಡಿರಲಿಲ್ಲ. ಮಾರ್ಕೆಟ್ಟಿನ ಪಕ್ಕದ ಗಲ್ಲಿಯಲ್ಲಿ, ತೋರಣ ಕಟ್ಟಿದ ಹಾಗೆ ರಿಮೋಟುಗಳನ್ನು ನೇತುಹಾಕಿಕೊಂಡು ಒಬ್ಬರು ಸಾಬರು ಕೂತಿದ್ದರು. ಗಡ್ಡಕ್ಕೆ ಮೆಹಂದಿ, ಮುಖದಲ್ಲಿ ನಗು.

"ಯಾರಿಗೆ ಅಮ್ಮಾ? ಅತ್ತೇಗಾ? ಕೈ ಸ್ವಲ್ಪ ವೀಕಾ? ಹಂಗಾದ್ರೆ ಇದು ತಗೊಳ್ಳಿ. ಬಟನ್ ನೋಡಿ, ಬೋಂಡಾ ಇದ್ದಂಗೈತೆ. ಈ ಕೆಂಪು ಒತ್ತಿದ್ರೆ ನಿಮ್ದು ಟಿವಿ, ಡಬ್ಬಿ, ಸ್ಪೀಕರು, ಎಲ್ಲಾ ಲೈನಾಗಿ ಎದ್ದೇಳ್ತದೆ. ಈ ಹಳದಿ ನಿಮ್ದು ದೇವರ ಚಾನೆಲ್ಲು."

"ನಮ್ಮನೆ ಟಿವಿ ಇದಕ್ಕೆ ಹೆಂಗೆ ಗೊತ್ತು?"

"ಗೊತ್ತಿಲ್ಲ. ಹುಟ್ಟಿದ ಕೂಸು ಇದು, ಕಲಿಸ್ಬೇಕು. ಹಳೆ ರಿಮೋಟ್ ಎದುರಿಗೆ ಇಡಿ, ಅದು ಹೇಳಿಕೊಡ್ತದೆ, ಇದು ಕಲೀತದೆ."

ನನಗೆ ನಂಬಿಕೆಯಾಗಲಿಲ್ಲ. ಮನೆಗೆ ತಂದ ಮೇಲೆ ನಮ್ಮವರು ಊಟದ ಮೇಜಿನ ಮೇಲೆ ಹೊಸದನ್ನೂ ಹಳೆಯದನ್ನೂ ಮೂಗಿಗೆ ಮೂಗು ತಾಗುವಂತೆ ಮಲಗಿಸಿದರು. ಹಳೆಯದರ ಗುಂಡಿ ಒತ್ತಿದರೆ ಹೊಸದರ ತಲೆಯ ಮೇಲಿನ ಪುಟ್ಟ ದೀಪ 'ಆಯಿತು, ತಿಳಿಯಿತು' ಎನ್ನುವ ಹಾಗೆ ಮಿಟುಕಿತು. ಒಂದು ಮಾತಿಲ್ಲ, ಒಂದು ತಂತಿಯಿಲ್ಲ. ಹಾಗೇ ಎರಡನೆಯದು, ಮೂರನೆಯದು. ಮಠದಲ್ಲಿ ಗುರುಗಳು ಕಿವಿಯ ಹತ್ತಿರ ಬಾಗಿ ಮಂತ್ರ ಹೇಳುತ್ತಾರಲ್ಲ, ಹೊರಗೆ ಕೂತವರಿಗೆ ಒಂದಕ್ಷರವೂ ಕೇಳಿಸುವುದಿಲ್ಲ, ಹಾಗೆ. ಕುಕ್ಕರು ಕೂಗಿದ್ದಕ್ಕೆ ನಾನು ಎದ್ದರೆ ಅತ್ತೆ ಗದರಿದರು, "ಸದ್ದು ಮಾಡ್ಬೇಡ್ವೇ, ಉಪದೇಶ ಆಗ್ತಿದೆ."

ಆ ಮೂರು ಗುರುಗಳೇ ಈ ಡ್ರಾಯರಿನಲ್ಲಿರುವುದು. ಈಗ ಹೇಳಿ, ಎಸೆಯುವುದು ಹೇಗೆ?

ಉಪದೇಶ ಮುಗಿಯಿತು. ನಮ್ಮವರು ಕೆಂಪು ಗುಂಡಿ ಒತ್ತಿದರು. ಟಿವಿ, ಡಬ್ಬಿ, ಸ್ಪೀಕರು ಒಂದಾದ ಮೇಲೊಂದು ಎದ್ದವು, ತಾಯಿ ಕರೆದರೆ ಮಕ್ಕಳು ಏಳುವ ಹಾಗೆ. ಅತ್ತೆ ಒತ್ತಿ ನೋಡಲಿಲ್ಲ. "ನಾಳೆ ಆಯುಧಪೂಜೆ. ನಾಳಿದ್ದು ವಿಜಯದಶಮಿ, ಅವತ್ತು ನಾನು ಶುರು ಮಾಡ್ತೀನಿ. ಅಲ್ಲೀವರ್ಗೂ ಯಾರೂ ಮುಟ್ಟಂಗಿಲ್ಲ" ಎಂದರು. ಮಕ್ಕಳಿಗೆ ಅಕ್ಷರ ತಿದ್ದಿಸುವ ದಿನವಲ್ಲವೇ ಅದು.

ಆಯುಧಪೂಜೆಯ ದಿನ ಸ್ಕೂಟರಿಗೆ ಹಾರ ಹಾಕಿದೆವು. ಮಿಕ್ಸಿ, ಕತ್ತರಿ, ಈಳಿಗೆಮಣೆ, ಹೊಸದೂ ಹಳೆಯದೂ ರಿಮೋಟುಗಳು, ಎಲ್ಲಕ್ಕೂ ನಾನೇ ಬೊಟ್ಟಿಟ್ಟೆ. ಟಿವಿಯ ಮುಂದೆ ಬಂದಾಗ ಅತ್ತೆ, "ಇದಕ್ಕೆ ನಾನಿಡ್ತೀನಿ. ಕುರ್ಚಿ ಎಳಿ" ಎಂದರು. ಎಡಗೈಗೆ ಸಿಗುವಂತೆ ಗಂಧದ ಬಟ್ಟಲು ಹಿಡಿದೆ. ಅವರು ಎಡಗೈ ಎತ್ತಲಿಲ್ಲ. ಮಡಿಲಲ್ಲಿ ಮಲಗಿದ್ದ ಬಲಗೈ ಅಲುಗಿತು. ಉಂಗುರದ ಬೆರಳು ಗಂಧಕ್ಕೆ ಇಳಿಯಿತು. ಕೈ ನಡುಗುತ್ತಾ, ನಿಂತು, ಮತ್ತೆ ನಡುಗುತ್ತಾ ಮೇಲೆ ಏರಿತು. ಟಿವಿಯ ಕೆಳಗಿನ ಅಂಚಿನವರೆಗೆ ಏರಿತು, ಅದಕ್ಕಿಂತ ಮೇಲೆ ಏರಲಿಲ್ಲ. ಅಲ್ಲೇ ಅಂಚಿನ ನಡುವೆ, ರೂಪಾಯಿಯಗಲ ಗಂಧ ಮೆತ್ತಿತು. ಅದರ ಮೇಲೆ ಕುಂಕುಮ.

ನಮ್ಮವರು ಸ್ಕೂಟರಿನ ಹಾರ ಸರಿಯಿದೆಯೋ ನೋಡುತ್ತೇನೆಂದು ಕಿಟಕಿಯ ಕಡೆ ತಿರುಗಿಬಿಟ್ಟರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. "ಏನಾಯ್ತೀಗ? ಮಂಗಳಾರತಿ ತಾರೇ" ಎಂದರು ಅತ್ತೆ, ತಮ್ಮ ಬೆರಳನ್ನೇ ನೋಡಿಕೊಳ್ಳುತ್ತಾ.

ವಿಜಯದಶಮಿಯ ಬೆಳಿಗ್ಗೆ ಅತ್ತೆ ರೇಷ್ಮೆ ಸೀರೆ ಉಡಿಸಿಕೊಂಡರು. ಕಿಟಕಿಯ ಪಕ್ಕದ ದಿವಾನಿನ ಮೇಲೆ ಕೂತು, ಬಲಗೈಯಲ್ಲಿ ರಿಮೋಟು ಹಿಡಿದು, ಹೆಬ್ಬೆರಳನ್ನು ಕೆಂಪು ಗುಂಡಿಯ ಮೇಲೆ ಊರಿ ಒತ್ತಿದರು. ಗಂಟೆಯ ಸದ್ದು ಕೇಳಿತು. ಜಾಗಟೆ ಕೇಳಿತು. ಪರದೆ ಮಾತ್ರ ಕಪ್ಪು. ಗರ್ಭಗುಡಿಯ ಪರದೆ ಸರಿಯದೆ ಒಳಗೆ ಪೂಜೆ ನಡೆದ ಹಾಗೆ. ಇನ್ನೊಮ್ಮೆ ಒತ್ತಿದರು. ಇದ್ದ ಸದ್ದೂ ಹೋಯಿತು.

ನಮ್ಮವರು ರಿಮೋಟು ತೆಗೆದುಕೊಂಡು ಟಿವಿಯ ಹತ್ತಿರಕ್ಕೆ ಹೋಗಿ ಒತ್ತಿದರು. ಚಿತ್ರ ಬಂತು. "ನೋಡಮ್ಮ, ಬರುತ್ತೆ. ಸ್ವಲ್ಪ ಗಟ್ಟಿಯಾಗಿ ಒತ್ತಬೇಕು ಅಷ್ಟೇ." ಮರುದಿನವೂ ಹಾಗೆಯೇ. ಅತ್ತೆ ಒತ್ತಿದರೆ ಸದ್ದು ಮಾತ್ರ, ನಾವು ಎದ್ದು ಹೋಗಿ ಒತ್ತಿದರೆ ದೇವರು. ಅದರ ಮರುದಿನ ಅವರು ಒತ್ತಲೇ ಇಲ್ಲ. ರಿಮೋಟನ್ನು ದಿಂಬಿನ ಕೆಳಗೆ ಸರಿಸಿ, "ಬೆರಳಲ್ಲಿ ಜೀವ ಇಲ್ಲ ಕಣಮ್ಮ. ನೀನೇ ಹಾಕು, ಪುರುಸೊತ್ತಿದ್ರೆ" ಎಂದರು. ನಿಂಬೆಹಣ್ಣು ದಿವಾನಿನ ಕೆಳಗೆ ಉರುಳಿತ್ತು. ಎತ್ತಿ ಕೊಟ್ಟರೆ ಪಕ್ಕಕ್ಕಿಟ್ಟರು. ಸಂಜೆ ಕೊಟ್ಟರೂ ಪಕ್ಕಕ್ಕಿಟ್ಟರು. ಕೈ ಮತ್ತೆ ಮಡಿಲು ಸೇರಿ ಮಲಗಿತು.

ನನಗೆ ಭಯವಾದದ್ದು ಆಗ. ಟಿವಿ ಹಾಳಾಗಿ ಹೋಗಲಿ, ಹಾಕಲು ನಾನಿದ್ದೇನೆ. ಎದ್ದು ಬಂದಿದ್ದ ಕೈಯನ್ನು ನಾನು ತಂದ ರಿಮೋಟೇ ಮತ್ತೆ ಮಲಗಿಸಿತಲ್ಲ! ಅದನ್ನು ಚೀಲಕ್ಕೆ ಹಾಕಿಕೊಂಡು ಸಾಬರ ಹತ್ತಿರ ಜಗಳಕ್ಕೆ ಹೋದೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಜೋಡಿಸಿಕೊಂಡಿದ್ದೆ, ಬಸ್ಸಿನಿಂದ ಇಳಿಯುವ ಹೊತ್ತಿಗೆ ಅರ್ಧ ಮರೆತಿದ್ದೆ.

"ನಿಮ್ಮ ರಿಮೋಟು ವಯಸ್ಸಾದವರ ಕೈಗೆ ಆಗಲ್ಲ. ಬಲ ಹಾಕಿ ಒತ್ತಬೇಕು" ಎಂದೆ.

"ಬಲ? ಇದಕ್ಕೆ ಬಲ ಎಲ್ಲಿ ಬೇಕಮ್ಮಾ? ಮುಟ್ಟಿದ್ರೆ ಸಾಕು. ನಿಮ್ದು ಫೋನ್ ತೆಗೀರಿ, ಫೋಟೋ ಹಿಡಿಯೋದು ಹಾಕಿ. ಈಗ ಇದ್ರ ಮೂತಿ ನೋಡಿ."

ಅವರು ಗುಂಡಿಯನ್ನು ಕಿರುಬೆರಳಿನಿಂದ ಮೆಲ್ಲಗೆ ಮುಟ್ಟಿದರು. ಬರಿಗಣ್ಣಿಗೆ ಏನೂ ಇಲ್ಲ. ಫೋನಿನ ಪರದೆಯ ಮೇಲೆ ರಿಮೋಟಿನ ತುದಿಯಲ್ಲಿ ಒಂದು ಬೆಳಕು! ನೇರಳೆ ಬಣ್ಣದ್ದು, ಮಿಣಮಿಣ ಎಂದು, ಎಳೆಯ ನಕ್ಷತ್ರದ ಹಾಗೆ. ನಾನು ಫೋನು ಸರಿಸಿ ನೋಡಿದೆ, ಇಲ್ಲ. ಫೋನಿನಲ್ಲಿ ನೋಡಿದೆ, ಇದೆ.

"ಇದು ಯಾವಾಗಿಂದ ಹಿಂಗೆ?"

ಸಾಬರು ಜೋರಾಗಿ ನಕ್ಕರು. "ಯಾವಾಗ್ಲೂ ಹಿಂಗೇ ಅಮ್ಮಾ. ನಮ್ ಕಣ್ಣಿಗೆ ಕಾಣಲ್ಲ ಅಷ್ಟೇ. ಬೆಳಕು ಹೋಗ್ತಾ ಐತೆ. ಜಗಳ ಮಾಡೋದಿದ್ರೆ ಮನೇಲಿ ಟಿವಿ ಹತ್ರ ಮಾಡಿ."

ಜಗಳ ಮರೆತು ಬಸ್ಸಿನಲ್ಲಿ ಕೂತೆ. ರೋಮಾಂಚನ ಇನ್ನೂ ಇಳಿದಿರಲಿಲ್ಲ. ಇಷ್ಟು ವರ್ಷ ನನ್ನ ಹಾಲಿನಲ್ಲಿ, ನನ್ನ ಹುರುಳಿಕಾಯಿಯ ತಟ್ಟೆಯ ಮೇಲೆ ಹಾಯ್ದು ಹೀಗೊಂದು ಬೆಳಕು ಓಡಾಡುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ. ಕಾಣದ್ದು ಇಲ್ಲವೆಂದಲ್ಲ ಅಂತ ದೇವರ ವಿಷಯದಲ್ಲಿ ನಾನೇ ಎಷ್ಟು ಜನರ ಹತ್ತಿರ ವಾದ ಮಾಡಿದ್ದೇನೆ. ಹೇಳುವುದು ಬೇರೆ, ಶಿವಾಜಿನಗರದ ಗಲ್ಲಿಯಲ್ಲಿ ಕಣ್ಣಾರೆ ಕಾಣುವುದು ಬೇರೆ.

ಮನೆಗೆ ಬಂದವಳೇ ಅತ್ತೆಯ ಬಲಗೈಗೆ ರಿಮೋಟು ಕೊಟ್ಟು, ಅದರ ಮುಂದೆ ಫೋನು ಹಿಡಿದೆ.

"ಒತ್ತಿ ಅತ್ತೆ."

"ಬಿಡೇ, ಆಗಲ್ಲ ಅಂದ್ನಲ್ಲ."

"ಟಿವಿ ಬರೋದು ಬೇಡ. ಸುಮ್ಮನೆ ಒತ್ತಿ. ಇಲ್ಲಿ ನೋಡಿ."

ಒತ್ತಿದರು. ನೇರಳೆ ಬೆಳಕು ಮಿಣುಕಿತು. ಬಿಟ್ಟರು, ಆರಿತು. ಮತ್ತೆ ಒತ್ತಿದರು, ಹೊತ್ತಿತು. ಅತ್ತೆಯ ಬಾಯಿ ತೆರೆದೇ ಇತ್ತು.

"ನನ್ ಬೆರಳಿಂದಾನಾ ಇದು?"

"ನಿಮ್ಮ ಬೆರಳಿಂದಾನೇ. ಒಂದು ಸಲಾನೂ ತಪ್ಪಿಲ್ಲ ಅತ್ತೆ. ಮೊದಲ ದಿನದಿಂದ್ಲೂ ಬೆಳಕು ಹೋಗ್ತಾನೇ ಇದೆ."

"ಹಂಗಾದ್ರೆ ಹೋಗಿ ಎಲ್ಲಿ ನಿಲ್ತಿದೆಯೇ ಅದು?"

ಅತ್ತೆ ಕೇಳಿದ ಆ ಪ್ರಶ್ನೆ ನಮಗ್ಯಾರಿಗೂ ಹೊಳೆದಿರಲಿಲ್ಲ. ಅವರ ಕೈ ತೋರುತ್ತಿದ್ದ ಕಡೆಗೇ ನೋಡುತ್ತಾ ನಡೆದು ಟಿವಿಯ ಮುಂದೆ ಮಂಡಿಯೂರಿದೆ. ಎದುರಿಗೇ ಇತ್ತು ಬೊಟ್ಟು. ಒಣಗಿ, ಬಿರಿದು, ಗಟ್ಟಿಯಾಗಿ. ದಿನವೂ ಧೂಳು ಒರೆಸುವಾಗ ರಂಗೋಲಿಯನ್ನು ಬಳಸಿ ನಡೆದ ಹಾಗೆ ಅದನ್ನು ಬಳಸಿ ಒರೆಸುತ್ತಿದ್ದವಳು ನಾನೇ. ಅದರ ಅಂಚಿನಿಂದ ಕಪ್ಪು ಗಾಜಿನ ಚೂರೊಂದು ಇಣುಕುತ್ತಿತ್ತು. ಟಿವಿಯ ಕಣ್ಣು. ಹತ್ತಿರ ಹೋದವರ ಬೆಳಕು ಹೇಗೋ ಅಂಚಿನಲ್ಲಿ ನುಸುಳುತ್ತಿತ್ತು, ದಿವಾನಿನಿಂದ ಬಂದದ್ದು ಗಂಧಕ್ಕೆ ತಾಗಿ ಅಲ್ಲೇ ನಿಲ್ಲುತ್ತಿತ್ತು. ಎಷ್ಟೋ ವರ್ಷದ ಮೇಲೆ ಅಪ್ಪನ ದನಿ ಕಿವಿಯಲ್ಲೇ ಕೇಳಿತು. ಅದು ನೋಡೋ ಜಾಗಕ್ಕೆ ನಾವು ಅಡ್ಡ ಬರಬಾರ್ದು ಮಗಳೇ.

ಅತ್ತೆಗೆ ಹೇಳಿದೆ. ಕತ್ತು ಚಾಚಿ ಬೊಟ್ಟಿನ ಕಡೆ ನೋಡಿದರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. "ಅಯ್ಯೋ ನನ್ನಪ್ಪ! ಕಣ್ಣಿಗೆ ಗಂಧ ಮೆತ್ತಿ, ದೇವರು ಕಾಣಿಸ್ತಿಲ್ಲ ಅಂತ ಅತ್ಕೊಂಡು ಕೂತಿದ್ನಾ ನಾನು? ಒರೆಸೇ, ಒರೆಸು."

ಸೆರಗಿನ ತುದಿ ಒದ್ದೆ ಮಾಡಿಕೊಂಡು ಬಂದೆ. ಬಂದವಳು ನಿಂತೆ. ಕೈ ಮುಂದೆ ಹೋಗಲಿಲ್ಲ. ಆ ಬಲಗೈ ಎದ್ದು ಮಾಡಿದ ಮೊದಲ ಕೆಲಸ ಅದು. ದೇವರು ನಮ್ಮ ಮನೆಗೆ ಹಾಕಿಕೊಟ್ಟ ರುಜುವಿನಂತಿತ್ತು. ಒರೆಸಿದರೆ ಹೋಗಿಬಿಡುತ್ತದೆ.

"ಯಾಕೆ ನಿಂತೆ?"

"ನೀವು ಇಟ್ಟಿದ್ದಲ್ವಾ ಅತ್ತೆ..."

"ಪೆದ್ದಿ. ಕೈ ಇಲ್ಲೇ ಇದೆಯಲ್ಲ, ಇನ್ನೊಂದು ಇಡ್ತೀನಿ."

ಒರೆಸಿದೆ. ಗಂಧ ತೇಯ್ದು ತಂದೆ. ಕುರ್ಚಿ ಎಳೆದು ಈ ಸಲ ಟಿವಿಯ ಪಕ್ಕಕ್ಕೆ ಹಾಕಿದೆ. ಅತ್ತೆಯ ಬೆರಳು ನಡುಗುತ್ತಲೇ ಹೋಗಿ ಪಕ್ಕದ ಚೌಕಟ್ಟಿಗೆ, ಅದರ ಮೈಗೆ, ಬೊಟ್ಟಿಟ್ಟಿತು. ಅವತ್ತಿಗಿಂತ ಒಂದು ಗೇಣು ಮೇಲೆ. ನಾನೇ ನೋಡಿದೆ.

ಮರುದಿನ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. "ನಾಗೂ!" ಎಂದು ಹಾಲಿನಿಂದ ಕೂಗು ಬಂತು, ಹೂವಿನವಳನ್ನು ನಿಲ್ಲಿಸುವ ಹಳೆಯ ಗಂಟಲಿನಲ್ಲಿ. "ಬಾರೇ ಬೇಗ, ಮಂಗಳಾರತಿ ಶುರುವಾಯ್ತು. ಪುರುಸೊತ್ತಿಲ್ಲ ಅಂದ್ರೆ ಕಾಯಲ್ಲ ಅವನು!" ಒಲೆ ಸಣ್ಣ ಮಾಡಿ, ಹಿಟ್ಟಿನ ಕೈಯಲ್ಲೇ ಓಡಿದೆ. ಪರದೆಯ ತುಂಬ ದೇವರು, ಅಲಂಕಾರದ ಮೇಲೆ ಆರತಿಯ ಬೆಳಕು ಏರಿ ಇಳಿಯುತ್ತಿತ್ತು. ಅತ್ತೆ ದಿವಾನಿನ ಮೇಲೆಯೇ ಕೂತಿದ್ದರು. ಗಂಟೆ ನಿಂತ ಮೇಲೆ ಅವರು ರಿಮೋಟನ್ನು ಎಡಗೈಗೆ ಬದಲಾಯಿಸಿಕೊಂಡರು. ಹೆಬ್ಬೆರಳಿನಿಂದ ಯಾವುದೋ ಗುಂಡಿ ಮೆಲ್ಲಗೆ ಒತ್ತಿ ಹಿಡಿದು, ಏನೂ ಕಾಣದ ಅದರ ತುದಿಯ ಮೇಲೆ ಬಲ ಅಂಗೈಯನ್ನು ಆಡಿಸಿ, ಕಣ್ಣಿಗೊತ್ತಿಕೊಂಡರು. ಆಮೇಲೆ ರಿಮೋಟನ್ನು ನನ್ನ ಕಡೆಗೆ ಚಾಚಿದರು.

ನಾನು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಮಂಗಳಾರತಿ ತೆಗೆದುಕೊಂಡೆ.